ಮೂರು ಫೂಟು ದೇವರಿಗೆ

ಮನೆ ಕಟ್ಟಿಸಬೇಕೆಂದರೆ ರಾಣೆಬೆನ್ನೂರಿನ ನಮ್ಮ ಭಾಗದಲ್ಲಿ ಮೊದಲು ಗೌಂಡಿ ತಿರಕಪ್ಪನಿಗೆ ಹೇಳಿ ಕಳಿಸುತ್ತಿದ್ದರು. ಗೋಡೆ ಏರಿಸುವ ಗೌಂಡಿಗಳು ಬೇಕಾದಷ್ಟು ಜನರಿದ್ದರು. ಆಯ ನೋಡುವುದು ಮಾತ್ರ ಎಲ್ಲರಿಗೂ ಬರುತ್ತಿರಲಿಲ್ಲ. ತಿರಕಪ್ಪ ಯಜಮಾನನ ಮೊಣಕೈಯಿಂದ ನಡುಬೆರಳಿನ ತುದಿಯವರೆಗೆ ದಾರ ಹಿಡಿದು, ಆ ದಾರದಿಂದ ಜಾಗದ ಉದ್ದಗಲ ಅಳೆದು, ಗುಣಿಸಿ, ಎಂಟರಿಂದ ಭಾಗಿಸಿ ಎಷ್ಟು ಉಳಿಯಿತೆಂದು ನಿಂತಲ್ಲೇ ಹೇಳುತ್ತಿದ್ದ. ಒಂದೋ ಮೂರೋ ಉಳಿದರೆ ಒಳ್ಳೆಯದು. ಎರಡೋ ನಾಲ್ಕೋ ಉಳಿದರೆ, "ಪಡುವಣ ಗ್ವಾಡಿ ನಾಕು ಬೆರಳು ಒಳಗ ಸರಸ್ರಿ" ಎನ್ನುತ್ತಿದ್ದ. ಸರಿಸುತ್ತಿದ್ದರು. ಎರಡನೆಯ ಇಯತ್ತೆಗೇ ಶಾಲೆ ಬಿಟ್ಟವನ ಮಾತಿಗೆ ವಕೀಲರೂ ವ್ಯಾಪಾರಸ್ಥರೂ ತಮ್ಮ ಗೋಡೆ ಸರಿಸುತ್ತಿದ್ದರು.

ಅವನ ಹೆಂಡತಿ ಪ್ರೇಮವ್ವ ಬ್ಯಾಡಗಿಯವಳು. ಒಬ್ಬಳೇ ಮಗಳು ಶ್ರೀದೇವಿ. ಶ್ರೀದೇವಿ ಎರಡು ವರ್ಷದವಳಿದ್ದಾಗ ತಿರಕಪ್ಪ ಹೆಂಡತಿಯ ಊರಿನಲ್ಲಿ ಒಂದು ಮೆಣಸಿನಕಾಯಿ ಗೋದಾಮಿನ ಬುನಾದಿ ತೋಡುತ್ತಿದ್ದ. ಜಾಗದ ಮೂಲೆಯಲ್ಲಿ ಒಂದು ನಾಗರಕಲ್ಲು ಇತ್ತು. ಮಾಲೀಕನಿಗೆ ಅವಸರ. ಪೂಜೆ ಗೀಜೆ ಆಮೇಲೆ ಮಾಡಿಸಿದರಾಯಿತೆಂದ. ತಿರಕಪ್ಪ ತನ್ನ ಎರಡೂ ಕೈಯಿಂದ ಕಲ್ಲನ್ನೆತ್ತಿ ಬೇವಿನ ಮರದ ಬುಡಕ್ಕೆ ಒಯ್ದು ಇಟ್ಟ. ಹದಿನೈದು ದಿನದೊಳಗೆ ಮಗಳಿಗೆ ಜ್ವರ ಬಂತು. ಜ್ವರ ಇಳಿಯಿತು, ಬಲಗಾಲಿನ ಬಲವೂ ಅದರೊಂದಿಗೆ ಹೋಯಿತು. ಪ್ರೇಮವ್ವ ಬದುಕಿದ್ದಷ್ಟು ದಿನ ಈ ಮಾತನ್ನು ಒಮ್ಮೆಯೂ ಎತ್ತಲಿಲ್ಲವಂತೆ. ಎತ್ತದೆ ಇದ್ದದ್ದೇ ಅವನಿಗೆ ಭಾರವಾಯಿತು. "ಒಮ್ಮೆ ಕುಂದ್ರಿಸಿದ ದೇವ್ರನ್ನ ಎಬ್ಬಿಸಿದ ಕೈ ಇದು" ಎಂದು ತನ್ನ ಅಂಗೈ ನೋಡಿಕೊಳ್ಳುತ್ತಿದ್ದುದನ್ನು ನಾನೇ ಕಂಡಿದ್ದೇನೆ.

ಶ್ರೀದೇವಿ ಬೆಳೆದಳು. ತೊಡೆಯಿಂದ ಪಾದದವರೆಗೆ ಕಬ್ಬಿಣದ ಸಲಾಕೆ, ನಾಲ್ಕು ಪಟ್ಟಿ, ತುದಿಗೆ ಅದಕ್ಕೇ ಜೋಡಿಸಿದ ಚರ್ಮದ ಬೂಟು. ಇದನ್ನು ಕಟ್ಟಿಕೊಂಡರೆ ಅವಳು ಒಂದು ಬಡಿಗೆ ಊರಿ ಯಾರ ಕೈಯನ್ನೂ ಹಿಡಿಯದೆ ನಡೆಯುತ್ತಿದ್ದಳು. ಬಿಚ್ಚಿದರೆ ಎದ್ದು ನಿಲ್ಲುವುದೂ ಆಗುತ್ತಿರಲಿಲ್ಲ. ಹೊಲಿಗೆ ಕಲಿತಳು. ಅವಳು ಹೊಲಿದ ಕುಪ್ಪಸ ತೋಳಿನಲ್ಲಿ ಎಂದೂ ಹಿಡಿಯುತ್ತಿರಲಿಲ್ಲ.

ಎರಡು ಸಾವಿರದ ಎರಡರಲ್ಲಿ ತಿರಕಪ್ಪನ ಓಣಿಯ ಹಿಂದಿನ ಆರೆಕರೆ ಹೊಲ ಪ್ಲಾಟಾಯಿತು. ಮಾಡಿದವನು ಶಶಿಕಾಂತ, ಬೀಜದ ಅಂಗಡಿಯ ಮನೆತನದವನು. ಹಾವೇರಿಯ ನಗರ ಯೋಜನೆಯ ಕಚೇರಿಯಿಂದ ನಕ್ಷೆ ನೋಡಲು ಶೀಲಾ ಎಂಬ ಅಧಿಕಾರಿ ಬಂದರು. ಜೀಪನ್ನು ಓಣಿಯಲ್ಲೇ ಬಿಟ್ಟು, ಸೀರೆಯ ನೆರಿಗೆ ಎತ್ತಿ ಹಿಡಿದುಕೊಂಡು ಹೊಲವನ್ನೆಲ್ಲ ನಡೆದರು. ಓಣಿಗೂ ಹೊಲಕ್ಕೂ ನಡುವೆ ಶಶಿಕಾಂತ ಉದ್ದಕ್ಕೂ ಗೋಡೆಯ ಬುನಾದಿ ಹಾಕಿಸಿದ್ದ. ಆ ಬುನಾದಿ ತೋಡಿದವನು ತಿರಕಪ್ಪನೇ. ಹಾಗಾಗಿ ಅಲ್ಲಿ ನಡೆದ ಮಾತು ಅವನಿಗೆ ಬಾಯಿಪಾಠ.

"ಶಶಿಕಾಂತ ಅವರ, ಇಲ್ಲಿ ಮನಿ ಕಟ್ಟಿದವ್ರು ಒಂದ ಕಟ್ಟು ಕೊತ್ತಂಬರಿ ತರಾಕ ಗಾಡಿ ತಗೀಬೇಕೇನ್ರಿ? ಹೈವೇ ಸುತ್ತ ಹಾಕಿ ಬರಬೇಕೇನು?"

"ಸಂದಿ ಬಿಟ್ರ ಓಣಿ ಆಡು, ಕೋಳಿ ಎಲ್ಲಾ ಬರತಾವ್ರಿ ಮೇಡಂ. ಪ್ಲಾಟ್ ತಗೊಳ್ಳಾವ್ರು ಮೊದಲ ಅದನ್ನ ಕೇಳ್ತಾರ. ಮತ್ತ ಒಂದು ಪ್ಲಾಟಿನ ಜಾಗಾ ಹಾದಿಗೇ ಹೊಕ್ಕೈತಿ."

"ಆಡು ಕೋಳಿ ಗ್ವಾಡಿ ಹಾರಿ ಬರತಾವ ಬಿಡ್ರಿ. ಹಾದಿ ಬೇಕಾದದ್ದು ಮನಷ್ಯಾರಿಗೆ."

ಶಶಿಕಾಂತನಿಗೂ ಒಂದು ಆಸೆಯಿತ್ತು. ನಾಲ್ಕು ಮೂಲೆಯ ಪ್ಲಾಟುಗಳಲ್ಲಿ ಕೆಳಗೆ ಅಂಗಡಿ, ಮೇಲೆ ಮನೆ ಕಟ್ಟಲು ಒಪ್ಪಿಗೆ ಬೇಕಿತ್ತು. ಬರೀ ಮನೆಗಳ ಬಡಾವಣೆಯಲ್ಲಿ ಅದು ಸುಲಭಕ್ಕೆ ಸಿಗುವಂಥದ್ದಲ್ಲ. ಶೀಲಾ ಅವರು ಬುನಾದಿಯ ಕಲ್ಲಿನ ಮೇಲೆ ನಕ್ಷೆ ಹರಡಿ ಯೋಚಿಸಿದರು. "ಅಂಗಡಿ ನೀವು ಕಟ್ಟಿಸ್ರಿ. ಮಂದಿ ಮನಿ ಹತ್ರನ ಎಲ್ಲಾ ಸಿಗತೈತಿ, ಅದು ಊರಿಗೂ ಚಲೋ. ಆದ್ರ ಒಂಬತ್ತು ಫೂಟು ಸಂದಿ ನನಗ ಕೊಡ್ರಿ." ಶಶಿಕಾಂತ ತಲೆ ಕೆರೆದುಕೊಂಡು ಒಪ್ಪಿದ. ಒಂದು ಮೂಲೆಯ ಅಂಗಡಿ ಶ್ರೀದೇವಿಗೆ ಕೊಡುವುದಾಗಿ ಅಂದೇ ತಿರಕಪ್ಪನಿಗೆ ಮಾತು ಕೊಟ್ಟ. ಸಂದಿಯಲ್ಲಿ ಹಾದರೆ ಮನೆಯಿಂದ ಅಂಗಡಿಗೆ ಇನ್ನೂರು ಹೆಜ್ಜೆಯೂ ಇರಲಿಲ್ಲ.

ತೊಡಕು ಆಮೇಲೆ ಬಂತು. ಸಂದಿ ಹೋಗಿ ಸೇರುವ ರಸ್ತೆಯ ಆಚೆ ಬದಿಗೆ, ಸಂದಿಯ ಬಾಯಿಗೆ ನೇರವಾಗಿ ಇಪ್ಪತ್ತೆರಡನೆಯ ಪ್ಲಾಟು ಇತ್ತು. ನಿವೃತ್ತಿ ಹತ್ತಿರವಾಗಿದ್ದ ಫಕ್ಕೀರಪ್ಪ ಮಾಸ್ತರರು ಅದನ್ನು ಕೊಳ್ಳಲು ಬಂದವರು ಎದುರಿನ ಸಂದಿ ನೋಡಿ ಹಿಂದೆ ಸರಿದರು. ಬಂದ ಹಾದಿ ಮನೆಯ ಎದೆಗೇ ಚುಚ್ಚಿದರೆ ಅದು ಕುತ್ತು, ಆ ಮನೆಯಲ್ಲಿ ಬಾಳುವೆ ನಿಲ್ಲುವುದಿಲ್ಲ ಎಂಬುದು ನಮ್ಮಲ್ಲಿ ಎಲ್ಲರ ನಂಬಿಕೆ. ಮಾಸ್ತರರು ಹೋದ ಮೇಲೆ ಅಕ್ಕಪಕ್ಕದ ಪ್ಲಾಟು ನೋಡಿದವರೂ ತಿರುಗಿ ಬರಲಿಲ್ಲ. ಶಶಿಕಾಂತ ತಿರಕಪ್ಪನ ಕಟ್ಟೆಗೆ ಬಂದು ಕುಳಿತ.

"ತಿರಕಪ್ಪ, ನೀ ಒಂದ ಮಾತು ಅನ್ನು. ಸಂದಿ ಮುಚ್ಚಿದ್ರ ಚಲೋ ಅಂತ. ನಿನ್ನ ಮಾತು ಓಣಿ ಮಂದಿ ಮೀರೂದಿಲ್ಲ, ಮೇಡಂಗ ಅವರ ಬರದು ಕೊಡ್ತಾರ."

ತಿರಕಪ್ಪ ಮಗಳ ಕಡೆ ನೋಡಿದ. ಕುತ್ತು ಇಲ್ಲವೆಂದು ಹೇಳಲು ಅವನಿಗೆ ಬಾಯಿ ಬರಲಿಲ್ಲ, ಏಕೆಂದರೆ ಇದೆಯೆಂದೇ ಅವನು ನಂಬಿದ್ದ. ಸಂದಿ ಮುಚ್ಚಿ ಎನ್ನಲೂ ಮನಸ್ಸಾಗಲಿಲ್ಲ. ಮರುದಿನ ದಾರ ಹಿಡಿದು ಸಂದಿ ಅಳೆದು ಬಂದು ಹೇಳಿದ: "ಸಂದಿ ಬಾಯಾಗ ಗಣಪ್ಪನ್ನ ಕುಂದ್ರಸೂಣು. ಕುತ್ತು ಅಂವ ತಡೀತಾನ. ಒಂಬತ್ತು ಫೂಟಿನಾಗ ಮೂರು ಫೂಟು ದೇವ್ರಿಗೆ, ಆರು ಫೂಟು ಮನಷ್ಯಾರಿಗೆ. ಇಬ್ಬರಿಗೂ ಸಾಕು."

ರೂಢಿಯಂತೆ ಗಣಪ್ಪನನ್ನು ಎದುರು ಮನೆಯ ಕಂಪೌಂಡಿನಲ್ಲಿ ಕೂರಿಸಬೇಕಿತ್ತು. ಮಾಸ್ತರರು ಒಪ್ಪಲಿಲ್ಲ. "ನಮ್ಮ ಕಂಪೌಂಡಿನಾಗ ಬ್ಯಾಡಪಾ. ದಿನಾ ಮಂದಿ ಬಂದು ಗಂಟಿ ಬಾರಸ್ತಾರ. ನಾವು ಊರಿಗೆ ಹೋದಾಗ ಪೂಜಿ ಯಾರು ಮಾಡವ್ರು?" ಎಂದರು. ಹಾಗಾಗಿ ದೇವರು ಸಂದಿಯೊಳಗೇ ಬಂದ. ತಿರಕಪ್ಪ ತನ್ನ ಕೈಯಿಂದ ಕಟ್ಟೆ ಕಟ್ಟಿ, ಮೊಳದೆತ್ತರದ ಕಲ್ಲಿನ ಗಣಪ್ಪನನ್ನು ಕೂರಿಸಿದ. ಮಾಸ್ತರರು ಪ್ಲಾಟು ಕೊಂಡರು. ಶಶಿಕಾಂತ ಓಣಿಗೆಲ್ಲ ಬುಂದೆ ಹಂಚಿದ. ಎಲ್ಲರಿಗೂ ಬೇಕಾದದ್ದು ಸಿಕ್ಕಿತ್ತು.

ಮುಂದಿನ ಎರಡು ವರ್ಷ ಆ ಸಂದಿಯಷ್ಟು ಜೀವ ಊರಿನ ಯಾವ ದೊಡ್ಡ ರಸ್ತೆಗೂ ಇರಲಿಲ್ಲ ಎನ್ನಬೇಕು. ಬೆಳಿಗ್ಗೆ ಓಣಿಯ ಹೆಂಗಸರು ಪ್ಲಾಟಿನ ಮನೆಗಳ ಕೆಲಸಕ್ಕೆ ಹೋಗುವರು, ಪ್ಲಾಟಿನವರು ಓಣಿಯ ಗಿರಣಿಗೆ ಜೋಳ ತರುವರು, ಭಾನುವಾರ ಓಣಿಯ ತುದಿಯ ಇಸಾಕಸಾಬನ ಮಟನ್ ಅಂಗಡಿಗೆ ಪ್ಲಾಟಿನಿಂದ ಸಾಲು ಹತ್ತುವುದು. ಇವರೆಲ್ಲರ ನಡುವೆ ಶ್ರೀದೇವಿ ಬೂಟಿನ ಸದ್ದು ಮಾಡುತ್ತ ತನ್ನ ಅಂಗಡಿಗೆ ಹೋಗುವಳು. ಇಸಾಕಸಾಬ ಕೂಗಿ ಕೇಳುತ್ತಿದ್ದ:

"ಏನವಾ ತಂಗಿ, ಇವತ್ತು ಎಕ್ಸ್‌ಪ್ರೆಸ್ ಗಾಡಿ ಲೇಟಾತಲ್ಲ?"

"ಕ್ರಾಸಿಂಗ್ ಇತ್ತು ಮಾಮಾ. ನಿಮ್ಮ ಆಡು ಲೈನಿನ ಮ್ಯಾಲ ನಿಂತಿತ್ತು."

"ಅದಕ್ಕ ನಾಳೆ ರಿಟೈರಮೆಂಟ ಐತಿ, ಹಾದಿ ಬಿಡತೈತಿ ತಗೋ!"

ಅವಳ ನಗು ಸಂದಿಯ ಈ ತುದಿಯಿಂದ ಆ ತುದಿಗೆ ಕೇಳಿಸುತ್ತಿತ್ತು. ಅಂಗಡಿಗೆ ಅವಳು ಬೋರ್ಡು ಬರೆಸಿದಳು, ಇನ್ನೊಂದು ಮಷೀನು ಹಾಕಿದಳು. ಅಪ್ಪನಿಗೆ ಅಂಗಿ ಹೊಲಿದಳು. ಮಗಳು ಒಬ್ಬಳೇ ಹೋಗಿ ಒಬ್ಬಳೇ ಬರುವುದನ್ನು ತಿರಕಪ್ಪ ಮನೆಯ ಕಟ್ಟೆಯ ಮೇಲೆ ಕುಳಿತು ದಿನವೂ ನೋಡುತ್ತಿದ್ದ.

ದೇವರು ನಿಧಾನವಾಗಿ ಬೆಳೆಯತೊಡಗಿದ. ಮೊದಲು ಮಳೆಗೆ ನೆನೆಯಬಾರದೆಂದು ತಗಡಿನ ನೆರಳು. ಆಮೇಲೆ ಸುತ್ತು ಬರಲು ಜಾಗ ಬೇಕೆಂದು ಹಿಂದೆ ಒಂದಿಷ್ಟು. ಕೆಸರಾಗಬಾರದೆಂದು ಸಂದಿಯ ಅಗಲಕ್ಕೂ ಟೈಲ್ಸ್. ಈ ಹೊತ್ತಿಗೆ ನಿವೃತ್ತರಾಗಿದ್ದ ಫಕ್ಕೀರಪ್ಪ ಮಾಸ್ತರರೇ ಇದಕ್ಕೆಲ್ಲ ಮುಂದಾಳು. ಅವರು ಕೆಟ್ಟವರಲ್ಲ. ಬೆಳಗಿನ ಐದಕ್ಕೆ ಎದ್ದು ಆ ನೆಲವನ್ನು ತಮ್ಮ ಕೈಯಿಂದ ತೊಳೆಯುತ್ತಿದ್ದರು, ಬಡವರ ಮಕ್ಕಳಿಗೆ ಅಲ್ಲೇ ಕೂರಿಸಿಕೊಂಡು ಮಗ್ಗಿ ಹೇಳಿಕೊಡುತ್ತಿದ್ದರು. ಭಾನುವಾರ ಮಟನ್ನಿನ ಕರಿ ಚೀಲ ಹಿಡಿದವರು ದೇವರ ಮುಂದೆ ಹಾಯಲು ಹಿಂಜರಿದರು, ಇಸಾಕಸಾಬನ ಅಂಗಡಿಯ ಸಾಲು ಕರಗಿತು. ಹೆಂಗಸರು ತಿಂಗಳಿನ ಆ ನಾಲ್ಕು ದಿನ ತಾವಾಗಿಯೇ ಸುತ್ತು ಹಾಕತೊಡಗಿದರು. ಯಾರೂ ಯಾರಿಗೂ ಬೇಡವೆಂದಿರಲಿಲ್ಲ. ಅಲ್ಲೇ ಪ್ಲಾಟಿನಲ್ಲಿ ಮನೆಯಿದ್ದ ನಾನೂ ಆ ದೀಪಕ್ಕೆ ಎಣ್ಣೆ ಹಾಕಿದವಳೇ, ಆ ಹೊಳೆಯುವ ನೆಲ ಕಂಡು ಸಂತೋಷಪಟ್ಟವಳೇ. ನನ್ನ ಎರಡೂ ಕಾಲು ನೆಟ್ಟಗಿದ್ದವು.

ಒಂದು ದಿನ "ಪಾದರಕ್ಷೆ ಇಲ್ಲೇ ಬಿಡಿ" ಎಂಬ ಬೋರ್ಡು ಬಂತು.

ಶ್ರೀದೇವಿ ಬೋರ್ಡಿನ ಮುಂದೆ ಬಹಳ ಹೊತ್ತು ನಿಂತಳಂತೆ. ಅವಳ ಬೂಟು ಬಿಚ್ಚುವ ಬೂಟಲ್ಲ. ಮರುದಿನ ಅವಳು ದಪ್ಪ ಬಿಳಿ ಬಟ್ಟೆಯ ಒಂದು ಗೌಸು ಹೊಲಿದುಕೊಂಡು ಬಂದಳು. ಟೈಲ್ಸ್ ಬಂದ ಕೂಡಲೇ ಬೂಟಿಗೆ ಅದನ್ನು ತೊಡಿಸುವುದು, ದಾಟಿದ ಮೇಲೆ ತೆಗೆದು ಚೀಲಕ್ಕೆ ಹಾಕುವುದು. ದಿನವೂ ಒಗೆಯುತ್ತಿದ್ದಳು. ಮಾಸ್ತರರು ನೋಡಿಯೂ ನೋಡದಂತೆ ಇದ್ದರು. ಆದರೆ ಒಂದು ಸಂಕಷ್ಟಿಯ ದಿನ ಯಾರದೋ ಮನೆಗೆ ಬಂದಿದ್ದ ಬೀಗರು, "ಮ್ಯಾಲ ಅರಿವಿ ಇದ್ರೂ ಒಳಗ ತೊಗಲ ಅಲ್ಲೇನ್ರಿ?" ಎಂದುಬಿಟ್ಟರು. ಮಾಸ್ತರರು ಅವಳನ್ನು ಬದಿಗೆ ಕರೆದರು.

"ತಂಗಿ, ನಾ ಏನೂ ಅನ್ನೂದಿಲ್ಲ. ಮಂದಿ ಅಂತಾರ. ಸ್ವಲ್ಪ ಸುತ್ತ ಹಾಕಿ ಹೋಗಲಾ."

"ಸುತ್ತ ಅಂದ್ರ ಹೈವೇ ಮಗ್ಗಲ ಒಂದೂವರಿ ಕಿಲೋಮೀಟರ್ರಿ ಮಾಸ್ತರ."

"ದೇವ್ರು ಶಕ್ತಿ ಕೊಡತಾನವಾ."

ಕೆಲವು ವಾರಗಳಲ್ಲಿ ದೀಪದ ಹಿತ್ತಾಳೆಯ ಸಮೆ ಕಳುವಾಯಿತೆಂದು ಸಂದಿಯ ಎರಡೂ ತುದಿಗೆ ಕಬ್ಬಿಣದ ಗೇಟು ಬಂತು. ಬೆಳಿಗ್ಗೆ ಪೂಜೆಯ ಹೊತ್ತು, ಸಂಜೆ ಆರತಿಯ ಹೊತ್ತು ಬಿಟ್ಟರೆ ಬೀಗ. ಶ್ರೀದೇವಿ ಹಾವೇರಿಯ ಕಚೇರಿಗೆ ಒಂದು ಪತ್ರ ಬರೆದಳು. ಗುಡಿ ಬೇಡವೆಂದು ಬರೆಯಲಿಲ್ಲ. ನಕ್ಷೆಯಲ್ಲಿದ್ದ ಹಾದಿ ಬೇಕೆಂದು ಬರೆದಳು.

ಎರಡು ಸಾವಿರದ ಆರರ ಶ್ರಾವಣ ಕಳೆದ ಮೇಲೆ ಶೀಲಾ ಅವರೇ ಬಂದರು. ಹಿಂದಿನ ದಿನ ಶ್ರೀದೇವಿ ಅಪ್ಪನಿಗೆ ಹೇಳಿದ್ದಳು. "ಮೇಡಂ ನಿನ್ನನ್ನ ಕೇಳತಾರ. ಇದ್ದದ್ದು ಇದ್ದಂಗ ಹೇಳಪ್ಪ, ಅಷ್ಟ ಸಾಕು." "ಹೇಳ್ತೇನಿ ತಗೋ" ಎಂದಿದ್ದ ಅವನು. ಹೇಳಬೇಕೆಂದೇ ಮಗಳು ಹೊಲಿದ ಅಂಗಿ ತೊಟ್ಟು ಹೋಗಿದ್ದ.

ಶೀಲಾ ಅವರು ಟೇಪು ಹಿಡಿದು ಅಳೆಸಿದರು. ಗೇಟಿನ ಆಚೆ ಓಣಿಯ ಜನ, ಈಚೆ ಪ್ಲಾಟಿನ ಜನ. ಶ್ರೀದೇವಿ ಓಣಿಯ ಕಡೆಯ ಸರಳು ಹಿಡಿದು ನಿಂತಿದ್ದಳು.

"ನಕ್ಷೆದಾಗ ಇದು ಪೂರಾ ಹಾದಿ" ಎಂದರು ಶೀಲಾ. "ಪ್ಲಾಟ್ ಆದಮ್ಯಾಲ ಕಟ್ಟಿದ್ದಾದ್ರ ಗೇಟೂ ತಗೀಬೇಕು, ಗುಡಿನೂ ತಗೀಬೇಕಾಗತೈತಿ. ಪಾರ್ಕಿನ ಮೂಲ್ಯಾಗ ಜಾಗಾ ಕೊಡಸ್ತೇನಿ, ಮರ್ಯಾದೀಲೆ ದೇವ್ರನ್ನ ಅಲ್ಲಿ ಒಯ್ದು ಕುಂದ್ರಸ್ರಿ."

ಮಾಸ್ತರರ ಮುಖ ಬಿಳಚಿಕೊಂಡಿತು. "ಪ್ಲಾಟ್ ಆದಮ್ಯಾಲ ಅಲ್ರಿ ಮೇಡಂ. ಹೊಲಾ ಇದ್ದಾಗಿಂದ ಬದುವಿನ ಮ್ಯಾಲ ಕಲ್ಲು ಇತ್ರಿ. ನಕ್ಷಾ ಬರದಾವ್ರು ನೋಡಿಲ್ಲ."

"ಮೊದಲಿಂದ ಇತ್ತು ಅಂದ್ರ ಗುಡಿ, ಗೇಟು ಎರಡೂ ನನ್ನ ಕೈಯಾಗ ಬರೂದಿಲ್ಲ. ಕಟ್ಟಿದ ಗೌಂಡಿ ಯಾರು?"

ಎಲ್ಲರೂ ತಿರಕಪ್ಪನ ಕಡೆ ತಿರುಗಿದರು. ಹಾದಿ ತೆರೆಯಬೇಕು ಎನ್ನುವುದಷ್ಟೇ ಅವನ ಮನಸ್ಸಿನಲ್ಲಿತ್ತು. ದೇವರು ಏಳಬೇಕಾಗುತ್ತದೆ ಎಂದು ಅವನಿಗೆ ಹೊಳೆದಿರಲಿಲ್ಲ. ಕೂರಿಸಿದ ಕೈಯ ಮಾತಿನಿಂದಲೇ ಏಳಬೇಕು! ಅವನ ಕಣ್ಣ ಮುಂದೆ ಬ್ಯಾಡಗಿಯ ಬೇವಿನ ಮರ ಬಂದು ನಿಂತಿತಂತೆ. ಅಂದು ಒಂದು ಕಾಲು ಹೋಯಿತು. ಇನ್ನೊಮ್ಮೆ ಎಬ್ಬಿಸಿದರೆ ಹೋಗಲು ಏನು ಉಳಿದಿತ್ತು? ಮಗಳೊಬ್ಬಳೇ.

"ಯಾವಾಗ ಕಟ್ಟಿದಿ ಯಜಮಾನ? ಕಲ್ಲು ಮೊದಲ ಇತ್ತೋ, ನೀ ತಂದು ಇಟ್ಟಿದ್ದೋ?"

"ಕಲ್ಲು ಮೊದಲ ಇತ್ರಿ" ಎಂದ ತಿರಕಪ್ಪ. "ನಾ ಬರೇ ಕಟ್ಟಿ ಕಟ್ಟೇನಿ."

ಶೀಲಾ ಅವರು ಅವನ ಮುಖವನ್ನೇ ನೋಡಿದರು. ಆಮೇಲೆ ಗೇಟಿನ ಆಚೆ ನಿಂತವಳನ್ನು ನೋಡಿದರು. ಬರೆದುಕೊಂಡರು. ಅವನ ಹೆಬ್ಬೆರಳಿಗೆ ಶಾಯಿ ಹಚ್ಚಿಸಿ ಒತ್ತಿಸಿಕೊಂಡು ಹೋದರು. ಜೀಪು ಹೋದ ಮೇಲೆ ಮಾಸ್ತರರು ತಿರಕಪ್ಪನ ಕೈ ಹಿಡಿದು ಅತ್ತರು.

ಮನೆಯಲ್ಲಿ ಶ್ರೀದೇವಿ ಪಟ್ಟಿ ಬಿಚ್ಚಿ ಗೋಡೆಗೆ ಒರಗಿ ಕುಳಿತಿದ್ದಳು. ಅವನು ಬಾಗಿಲಲ್ಲೇ ನಿಂತು ನಾಗರಕಲ್ಲಿನಿಂದ ಹಿಡಿದು ಎಲ್ಲವನ್ನೂ ಹೇಳಿದ. "ನಿನ್ನ ಸಲುವಾಗಿ ಅಂದೆನವಾ. ನಿನಗ ಏನರ ಆದ್ರ ನಾ ಹೆಂಗ ಇರಲಿ?"

"ನನ್ನ ಕಾಲು ದೇವ್ರು ತಗೊಂಡಿಲ್ಲಪ್ಪ" ಎಂದಳು. "ಪೋಲಿಯೋ ಹನಿ ಹಾಕಿಸಿದ್ದಿಲ್ಲ ನೀವು. ಬ್ಯಾಡಗಿ ದವಾಖಾನಿ ಡಾಕ್ಟರು ಅವ್ವಗ ಹೇಳಿದ್ರಂತ. ಅವ್ವ ನಿನಗ ಹೇಳಲಿಲ್ಲ, ನೀ ನೊಂದ್ಕೋತಿ ಅಂತ." ಮತ್ತೆ ಅಂದಳು: "ನೀ ಸುಳ್ಳ ಹೇಳಿದಿ ಅಂತ ನನಗ ಸಿಟ್ಟಿಲ್ಲ. ಖರೇ ಹೇಳಿದ್ರ ಗಣಪ್ಪ ನನ್ನ ಕೊಲ್ಲತಾನ ಅಂತ ತಿಳಕೊಂಡೆಲ್ಲ, ಅದಕ್ಕ ಅಳು ಬರತೈತಿ. ದಿನಾ ಅವಗ ಕೈ ಮುಗದು ಹೋಗತಿದ್ದೆ ನಾ."

ಮರುದಿನದಿಂದ ತಿರಕಪ್ಪ ಅವಳನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಹೆದ್ದಾರಿಯ ಬದಿಯಿಂದ ಅಂಗಡಿಗೆ ಒಯ್ಯತೊಡಗಿದ. ಹೆದ್ದಾರಿ ಅಗಲವಾಗಿ ಲಾರಿಗಳ ವೇಗ ಹೆಚ್ಚಿತ್ತು. ಹೊತ್ತಿಗೆ ಸರಿಯಾಗಿ ಹೋಗಲಾಗುತ್ತಿರಲಿಲ್ಲ. ಇಂದು ಬೇಕಾದ ಕುಪ್ಪಸಕ್ಕೆ ಬಂದವರು ಮುಚ್ಚಿದ ಬಾಗಿಲು ನೋಡಿ ಬೇರೆ ಕಡೆ ಹೋದರು. ಏಳೆಂಟು ತಿಂಗಳು ಹೀಗೆ ನಡೆಯಿತು. ಒಂದು ಸಂಜೆ ಉಸುಕಿನ ಲಾರಿಯೊಂದು ಮೈಗೆ ಮೈ ತಾಗುವಂತೆ ಹೋಯಿತು. ಇಬ್ಬರೂ ತಗ್ಗಿಗೆ ಬಿದ್ದರು. ಪೆಟ್ಟು ಹೆಚ್ಚು ಆಗಲಿಲ್ಲ, ಕಾಲಿನ ಸಲಾಕೆ ಮಾತ್ರ ಬಾಗಿತು. ಶ್ರೀದೇವಿ ಅಪ್ಪನ ತಲೆಯ ಮಣ್ಣು ಕೊಡವುತ್ತ, "ಸಾಕಪ್ಪ, ಇನ್ನ ಸಾಕು" ಎಂದಳು. ಅಂಗಡಿ ಬಿಟ್ಟಳು. ಶಶಿಕಾಂತ ಅಲ್ಲಿ ಮೊಬೈಲ್ ಅಂಗಡಿಯವನಿಗೆ ಜಾಗ ಕೊಟ್ಟ. ಮಷೀನು ಓಣಿಯ ಮನೆಗೆ ಬಂತು. ಸುತ್ತು ಹಾಕಿ ಓಣಿಗೆ ಬರುವಷ್ಟು ಪುರುಸೊತ್ತು ಪ್ಲಾಟಿನ ಹೆಂಗಸರಲ್ಲಿ ಯಾರಿಗಿತ್ತು? ನಾನು ಹೋಗುತ್ತಿದ್ದೆ, ಇನ್ನೂ ಇಬ್ಬರು ಮೂವರು. ಹೊಸ ಕುಪ್ಪಸಕ್ಕಿಂತ ಹರಿದ ದಿಂಬಿನ ಚೀಲವೇ ಹೆಚ್ಚು ಅವಳ ಮಡಿಲಲ್ಲಿ ಕಾಣುತ್ತಿತ್ತು.

ತಿರಕಪ್ಪ ಆಯ ನೋಡುವುದನ್ನು ಬಿಟ್ಟ. ಕರೆಯಲು ಬಂದವರಿಗೆ, "ನನಗ ಬರೂದಿಲ್ರಿ" ಎನ್ನುತ್ತಿದ್ದ. ಒಂದು ದಿನ ಯಾರಿಗೂ ಹೇಳದೆ ಹಾವೇರಿಗೆ ಹೋಗಿ, ಕೋರ್ಟಿನ ಮುಂದೆ ಟೈಪು ಮಾಡುವವನಿಂದ ಒಂದು ಕಾಗದ ಬರೆಸಿದ. ಕಲ್ಲು ತಂದಿಟ್ಟವನು ನಾನೇ, ಅಂದು ಹೇಳಿದ್ದು ಸುಳ್ಳು ಎಂದು. ಕಚೇರಿಯಲ್ಲಿ ಶೀಲಾ ಅವರು ಇರಲಿಲ್ಲ, ಬೇರೆ ಜಿಲ್ಲೆಗೆ ವರ್ಗವಾಗಿದ್ದರು. ಅಲ್ಲಿದ್ದ ಗುಮಾಸ್ತ ಅವನನ್ನು ಕೂರಿಸಿ ಸಮಾಧಾನದಿಂದ ಹೇಳಿದ: "ಮುಗದ ಫೈಲ್ರಿ ಇದು. ಓಣಿ ಮಂದಿ ಹತ್ತಿಪ್ಪತ್ತು ಸಹಿ ಹಾಕಿ ಕೊಟ್ರ ಸಾಹೇಬ್ರಿಗೆ ತೋರಸ್ತೇನಿ."

ಕಾಗದ ಹಿಡಿದು ಅವನು ಮನೆ ಮನೆ ತಿರುಗಿದ. ಅಷ್ಟರಲ್ಲಿ ಅವನ ಸುಳ್ಳು ಓಣಿಯಲ್ಲಿ ಬೇರು ಬಿಟ್ಟಿತ್ತು. ಕಲ್ಲು ನೇಗಿಲಿಗೆ ಸಿಕ್ಕಿತಂತೆ, ಕುಳ ತಾಗಿದಲ್ಲಿ ರಕ್ತ ಬಂತಂತೆ ಎಂದು ಅವನಿಗೇ ತಿರುಗಿ ಹೇಳುವವರಿದ್ದರು. ಮಾಸ್ತರರ ಬಳಿಗೂ ಹೋದ. "ತಿರಕಪ್ಪ, ಅವತ್ತು ನಾ ಅಂಜಿ ಅಂದಿದ್ದೆ" ಎಂದರು ಅವರು. "ನೀ ಅಂದಮ್ಯಾಲ ಖರೇನ ಇರಬೇಕು ಅನಸ್ತು. ಈಗ ನಿನಗ ಮರತಿರಬೇಕು ನೋಡು, ವಯಸ್ಸಾತು." ಅವರ ಕಣ್ಣಲ್ಲಿ ಸುಳ್ಳಿರಲಿಲ್ಲ.

ಇಸಾಕಸಾಬ ಚಹಾ ತರಿಸಿದ. ಕಾಗದವನ್ನು ಎರಡು ಸಲ ಓದಿ ಮಡಚಿ ಅವನ ಕೈಗಿಟ್ಟ. "ತಿರಕಪ್ಪಣ್ಣ, ಇದರಾಗ ನನ್ನ ಹೆಸರು ಬಂತು ಅಂದ್ರ ಹಾದಿ ಮಾತು ಹೋಗಿ ಬ್ಯಾರೇನ ಮಾತು ಹುಟ್ಟತೈತಿ. ನಿನಗ ಗೊತ್ತಿಲ್ಲೇನು? ತಂಗಿಗೆ ನನ್ನ ಸಲಾಂ ಹೇಳು."

ಹೊತ್ತು ಮುಳುಗುವಾಗ ಅವನು ಮನೆಗೆ ಬಂದು ಕಾಗದವನ್ನು ಮಷೀನಿನ ಮೇಲೆ ಮಗಳ ಮುಂದಿಟ್ಟ. "ನೀನರ ಒಂದು ಸಹಿ ಹಾಕವಾ."

ಶ್ರೀದೇವಿ ಕಾಗದ ಓದಿದಳು. ಕೊನೆಯಲ್ಲಿದ್ದ ಅವನ ಹೆಬ್ಬೆಟ್ಟಿನ ಗುರುತಿನ ಮೇಲೆ ಬೆರಳಿಟ್ಟಳು.

"ನನ್ನ ಸಹಿ ಯಾಕಪ್ಪ" ಎಂದಳು. "ಅವತ್ತು ನಿಂದೊಂದ ಸಾಕಿತ್ತು."

ಅವಳ ದನಿಯಲ್ಲಿ ಚುಚ್ಚು ಇರಲಿಲ್ಲವಂತೆ. ಅದನ್ನು ತಿರಕಪ್ಪನೇ ನನಗೆ ಹೇಳಿದ್ದು. ಆಮೇಲೆ ಅವಳು ನೆಲ ಹಿಡಿದುಕೊಂಡು ಒಲೆಯ ಬಳಿ ಸರಿದು, ರೊಟ್ಟಿ ತಟ್ಟಿ, ಅವನಿಗೆ ಮೊದಲು ಬಡಿಸಿದಳು.